ಕೆಂಪು ಪಟ್ಟಿಯ ಪೂಜೆ

ಜರ್ಮನ್ ಕ್ಲಾಸಿನ ಸದ್ದು ಕಿವಿಗೆ ಬಿದ್ದರೆ ಸಾಕು, ಗುರುಸಿದ್ದಪ್ಪನವರಿಗೆ ಮೈಯೆಲ್ಲ ಉರಿಯುತ್ತಿತ್ತು. ನಾಗಪುರದ ಸಾವನೇರ್ ರಸ್ತೆಯ ಆ ಎಂಜಿನಿಯರಿಂಗ್ ಕಾಲೇಜಿನಲ್ಲಿ ವರ್ಕ್‌ಶಾಪಿಗೂ ಜರ್ಮನ್ ಕ್ಲಾಸಿಗೂ ನಡುವೆ ಇದ್ದದ್ದು ಒಂದು ತಗಡಿನ ಗೋಡೆ. ಈಚೆ ಅವರು ಮೊದಲ ವರ್ಷದವರಿಗೆ ಕಬ್ಬಿಣಕ್ಕೆ ಅರ ಉಜ್ಜುವುದನ್ನು ಕಲಿಸುತ್ತಿದ್ದರೆ, ಆಚೆ ಮೂವತ್ತು ಗಂಟಲುಗಳು ಒಟ್ಟಿಗೆ ತಮ್ಮ ಹೆಸರು ಇಂಥದು, ಊರು ಇಂಥದು ಎಂದು ಜರ್ಮನ್ನಿನಲ್ಲಿ ಕೂಗುತ್ತಿದ್ದವು.

"ತಮ್ಮ ಹೆಸರ ಹೇಳಾಕ ಇವಕ್ಕ ಆರ ತಿಂಗಳ ಬೇಕ ನೋಡ್ರಿ," ಎಂದು ಅವರು ಯಾರು ಸಿಕ್ಕರೆ ಅವರ ಮುಂದೆ ಹೇಳುತ್ತಿದ್ದರು.

ಗುರುಸಿದ್ದಪ್ಪನವರು ಬೈಲಹೊಂಗಲದ ಕಡೆಯವರು. ನಾಗಪುರದ ಮದ್ದುಗುಂಡಿನ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ದುಡಿದು, ನಿವೃತ್ತರಾಗಿ, ಅಲ್ಲೇ ಪ್ರತಾಪ ನಗರದಲ್ಲಿ ಮನೆ ಕಟ್ಟಿಸಿ, ಕೂತು ಬೇಸರವಾಗಿ ಈ ಕಾಲೇಜಿಗೆ ಬಂದವರು. ಮೂವತ್ತಾರು ವರ್ಷ ಎಂಬ ಮಾತು ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿತ್ತು. ಅದರಲ್ಲಿ ಕೊನೆಯ ಇಪ್ಪತ್ತು ವರ್ಷ ಅವರು ಯಾವ ಮಷೀನನ್ನೂ ಮುಟ್ಟಿರಲಿಲ್ಲ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ತಪಾಸಣೆ ವಿಭಾಗದಲ್ಲಿ ಕೂತು, ಇನ್ನೊಬ್ಬರು ಮಾಡಿದ್ದನ್ನು ಅಳತೆಗೆ ಹಿಡಿದು, ಸರಿ ಇದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಡಬ್ಬಿಗೆ ಒಗೆಯುವುದು, ಇಷ್ಟೇ ಅವರ ಕೆಲಸವಾಗಿತ್ತು. ಒಗೆಯುವುದೆಂದರೆ ಅವರಿಗೆ ಬಲು ಖುಷಿ. ನಿವೃತ್ತಿಯಾದ ಮೇಲೆ ಒಗೆಯಲು ಕಬ್ಬಿಣ ಸಿಗದೆ ಮನುಷ್ಯರನ್ನು ಒಗೆಯತೊಡಗಿದರು.

ವರ್ಕ್‌ಶಾಪಿನ ಮೂಲೆಯಲ್ಲಿ ಜರ್ಮನಿಯಿಂದ ಬಂದ ಕಬ್ಬಿಣ ಕೆತ್ತುವ ಹಳೆಯ ಮಿಲ್ಲಿಂಗ್ ಮಷೀನೊಂದು ನಿಂತಿತ್ತು. ಎರಡು ವರ್ಷದ ಹಿಂದೆ ಯಾವನೋ ವ್ಯಾಪಾರಿಯಿಂದ ಸೆಕೆಂಡ್ ಹ್ಯಾಂಡಿಗೆ ಕೊಂಡದ್ದು. ಬಂದ ದಿನ ಗುರುಸಿದ್ದಪ್ಪನವರು ಸ್ವಿಚ್ ಒತ್ತಿದರು. ಅದು ಒಂದು ಸಲ ಗುಂಯ್ ಎಂದಿತು, ಕಬ್ಬಿಣ ಇಡುವ ಅದರ ಮೇಜು ಕದಲಲಿಲ್ಲ, ಫ್ಯೂಸ್ ಹಾರಿತು. "ಒಳಗ ಸತ್ತೈತಿ," ಎಂದು ಅವರು ಕೈ ಒರೆಸಿಕೊಂಡರು. ಮೂವತ್ತಾರು ವರ್ಷದವರು ಹೇಳಿದ ಮೇಲೆ ಎದುರಾಡುವವರು ಯಾರು? ಮಷೀನಿನ ಪುಸ್ತಕ ಪ್ರಿನ್ಸಿಪಾಲರ ಗಾಜಿನ ಕಪಾಟು ಸೇರಿತು, ತಪಾಸಣೆಗೆ ಬಂದವರಿಗೆ ತೋರಿಸಲು. ಮಷೀನಿಗೆ ಪ್ಲಾಸ್ಟಿಕ್ ಹೊದಿಕೆ ಬಂತು. ವರ್ಷಕ್ಕೊಮ್ಮೆ ಖಂಡೇನವಮಿಯ ಆಯುಧಪೂಜೆಯ ದಿನ ಹೊದಿಕೆ ತೆಗೆದು, ಮುಂಭಾಗದಲ್ಲಿದ್ದ ಗೇಣುದ್ದದ ಕೆಂಪು ಕಬ್ಬಿಣದ ಪಟ್ಟಿಗೆ ಗುರುಸಿದ್ದಪ್ಪನವರೇ ಮೂರು ಬೆರಳಿನಿಂದ ವಿಭೂತಿ ಬಳಿದು, ನಡುವೆ ಕುಂಕುಮವಿಟ್ಟು, ಚೆಂಡುಹೂವಿನ ಮಾಲೆ ಹಾಕುತ್ತಿದ್ದರು.

ಈ ಸಲ ಖಂಡೇನವಮಿಗೆ ನಾಲ್ಕು ದಿನ ಇರುವಾಗ ಪ್ರಿನ್ಸಿಪಾಲ್ ನರಸಿಂಹಮೂರ್ತಿ ಗುರುಸಿದ್ದಪ್ಪನವರನ್ನು ಕರೆಸಿದರು. ಮೈಸೂರಿನವರಾದ ಪ್ರಿನ್ಸಿಪಾಲರದು ಬೆಣ್ಣೆಯಂಥ ಮಾತು.

"ಟೈಮ್ ಟೇಬಲ್ಲಿನಲ್ಲಿ ಜಾಗ ಸಾಲ್ತಿಲ್ಲ ಗುರುಸಿದ್ದಪ್ಪನವರೇ. ಮುಂದಿನ ಸೆಮಿಸ್ಟರಿಗೆ ಜರ್ಮನ್ ಇರಬೇಕೋ, ವರ್ಕ್‌ಶಾಪಿಗೆ ಆ ಅವಧಿಯನ್ನೂ ಕೊಡಬೇಕೋ, ನಿಮ್ಮ ಅಭಿಪ್ರಾಯ ಬರೆದುಕೊಡಿ."

ಗುರುಸಿದ್ದಪ್ಪನವರು ಎರಡು ಪುಟ ಬರೆದರು. ಜರ್ಮನ್ ಕಲಿಸುವ ಬೃಂದಾ ಬೆಂಗಳೂರಿನಿಂದ ಗಂಡನ ನೌಕರಿಯ ಹಿಂದೆ ಬಂದ ಹೆಣ್ಣುಮಗಳು, ಅವಳಿಗೆ ಎಂಜಿನಿಯರಿಂಗಿನ ಗಂಧವಿಲ್ಲ, ಅಲ್ಲಿ ನಡೆಯುವುದು ಬರೀ ಗಿಳಿಪಾಠ, ಕಬ್ಬಿಣ ಕೆತ್ತುವವನಿಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ ಎಂದು ಬರೆದು, ಕೆಳಗೆ ಅಡ್ಡಗೆರೆ ಎಳೆದು ಸಹಿ ಹಾಕಿದರು. ಬೃಂದಾಳ ನೌಕರಿ ಆ ಸಹಿಯ ಮೇಲೆ ನಿಂತಿದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ರಾತ್ರಿ ಸೊಗಸಾಗಿ ನಿದ್ದೆ ಬಂತು.

ಹಬ್ಬದ ಹಿಂದಿನ ದಿನ ವರ್ಕ್‌ಶಾಪಿನ ಸ್ವಚ್ಛತೆ. ಎಲ್ಲರ ಮೊಬೈಲನ್ನೂ ಎಂದಿನಂತೆ ಬಾಗಿಲಲ್ಲೇ ತಗಡಿನ ಪೆಟ್ಟಿಗೆಗೆ ಹಾಕಿಸಿಕೊಂಡು, ಗುರುಸಿದ್ದಪ್ಪನವರು ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಚ್ಚಿದರು. ಮಿಲ್ಲಿಂಗ್ ಮಷೀನು ವಿದ್ಯಾರ್ಥಿನಿ ಇಂದುಮತಿಯ ಪಾಲಿಗೆ ಬಂತು. ಕಾಮಠಿಯಿಂದ ಬರುವ ರೈಲ್ವೆ ನೌಕರನ ಮಗಳು, ಗದಗಿನ ಕಡೆಯ ಮನೆತನ. ಸೀಮೆಎಣ್ಣೆ ಬಟ್ಟೆಯಿಂದ ಎರಡು ವರ್ಷದ ವಿಭೂತಿ, ಕುಂಕುಮ ತಿಕ್ಕಿದಳು. ಕೆಳಗಿಂದ ಅಕ್ಷರ ಎದ್ದವು. ಅವಳು ತುಟಿ ಅಲುಗಿಸುತ್ತ ಓದಿದಳು, ಮತ್ತೊಮ್ಮೆ ಓದಿದಳು.

"ಸರ್, ಜರಾ ಬರ್ರಿ. ಇಲ್ಲಿ ಜರ್ಮನ್‌ದಾಗ ಬರದಾರ್ರಿ."

"ಏನ ಬರದಾರ? ಮಷೀನಿನ ಹೆಸರೇನು, ಊರು ಯಾವುದು ಅಂತೇನು?"

"ಅಲ್ರಿ ಸರ್. ಸಾಗಿಸುವಾಗ ಮೇಜು ಅಲುಗಬಾರದಂತ ಈ ಕೆಂಪು ಪಟ್ಟಿ ಹಾಕ್ಯಾರಂತ್ರಿ. ಚಾಲೂ ಮಾಡೂಕಿಂತ ಮೊದಲ ತಗೀಬೇಕಂತ."

ಹುಡುಗರು ಕೈಕೆಲಸ ನಿಲ್ಲಿಸಿದರು. ಗುರುಸಿದ್ದಪ್ಪನವರಿಗೆ ಕಿವಿ ಬಿಸಿಯಾಯಿತು. ಬೈದು ಕಳಿಸೋಣವೆಂದು ಬಾಯಿ ತೆರೆದರು. ಆದರೆ ಕಣ್ಣು ಪಟ್ಟಿಯ ಮೇಲೆ ನಿಂತಿತ್ತು. ಒಂದು ತುದಿ ಮಷೀನಿನ ಕಂಬಕ್ಕೆ, ಇನ್ನೊಂದು ತುದಿ ಮೇಜಿಗೆ, ನಾಲ್ಕು ಬೋಲ್ಟು. ಕಟ್ಟಿಹಾಕಿದ ಮೇಜು ಎಲ್ಲಿಂದ ಕದಲೀತು? ಐಟಿಐ ಕಲಿತ ಹುಡುಗನೂ ಕೇಳಬಹುದಾದ ಪ್ರಶ್ನೆ. ಅವರು ಕೇಳಿರಲಿಲ್ಲ, ಮೇಲಾಗಿ ಉತ್ತರದ ಮೇಲೆ ವಿಭೂತಿ ಬಳಿದು ಕೂತಿದ್ದರು.

ಇಂದುಮತಿ ಸ್ಪ್ಯಾನರ್ ತಂದು ನಾಲ್ಕೂ ಬೋಲ್ಟು ಬಿಚ್ಚಿದಳು. ಫ್ಯೂಸ್ ಹಾಕಿದರು, ಎಣ್ಣೆ ಹಾಕಿದರು. ಸ್ವಿಚ್ ಒತ್ತಿದಾಗ ಮೇಜು ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಹುಡುಗರ ಕೂಗಿಗೆ ನರಸಿಂಹಮೂರ್ತಿ ಕೋಣೆಯಿಂದ ಓಡಿ ಬಂದರು.

"ಮೂವತ್ತಾರು ವರ್ಷದ ಅನುಭವ ಅಂದರೆ ಇದು," ಎಂದು ಗುರುಸಿದ್ದಪ್ಪನವರ ಕೈ ಹಿಡಿದು ಕುಲುಕಿದರು.

ಇಂದುಮತಿ ಗುರುಸಿದ್ದಪ್ಪನವರ ಮುಖ ನೋಡಿದಳು. ಅವರು ಸ್ವಿಚ್ ಆರಿಸಿ ಕೈ ಒರೆಸಿಕೊಂಡರು. ಎಲ್ಲರೂ ಹೋದ ಮೇಲೆ ಅವಳು ಪಟ್ಟಿಯನ್ನು ಅವರ ಕೈಗಿತ್ತಳು.

"ಎಸೀಬ್ಯಾಡ್ರಿ ಸರ್. ಜ್ವಾಕಿ ಇಡ್ರಿ ಅಂತನೂ ಬರದಾರ್ರಿ."

ಆ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ. ಎಷ್ಟೆಂದರೂ ಇಪ್ಪತ್ತು ವರ್ಷ ತಪ್ಪು ಹಿಡಿದ ಮನುಷ್ಯನಿಗೆ ತನ್ನದು ಕಾಣದೆ ಇರುತ್ತದೆಯೇ?

ಮರುದಿನ ಪೂಜೆ. ಮಷೀನಿನ ಮುಂದೆ ಶಾಮಿಯಾನ, ಮೈಕು, ಹಾರ, ಶಾಲು. ನರಸಿಂಹಮೂರ್ತಿ ಭಾಷಣ ಶುರುಮಾಡಿದರು. ಗುರುಸಿದ್ದಪ್ಪನವರ ಕೈಯಲ್ಲಿ ಸತ್ತ ಮಷೀನು ಎದ್ದು ಕೂತಿದೆ, ಅವರ ಸಲಹೆಯಂತೆ ಮುಂದಿನ ಸೆಮಿಸ್ಟರಿನಿಂದ ಜರ್ಮನ್ ನಿಲ್ಲಿಸಿ ವರ್ಕ್‌ಶಾಪಿಗೆ ಹೆಚ್ಚಿನ ಅವಧಿ ಕೊಡಲಾಗಿದೆ, ಆದೇಶವೂ ಹೊರಟಿದೆ. ಚಪ್ಪಾಳೆ ಬಿತ್ತು.

ಗುರುಸಿದ್ದಪ್ಪನವರು ಎದ್ದು, ಚೀಲದಿಂದ ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು.

"ಮಷೀನ ಎಬ್ಬಿಸಿದಾಂವ ನಾನಲ್ಲ. ಎರಡ ವರ್ಷ ನಾ ಇದಕ್ಕ ಪೂಜಿ ಮಾಡೇನಿ. ಇಂದುಮತಿ ಓದಿ ತಗದಾಳ. ಆಕಿಗೆ ಓದಾಕ ಕಲಿಸಿದಾಕಿ ಬೃಂದಾ ಮೇಡಮ್ಮು. ನನ್ನ ಕಾಗದ ಹರದ ಒಗೀರಿ."

ನರಸಿಂಹಮೂರ್ತಿ ನಕ್ಕರು.

"ನೋಡಿ, ಹಿರಿಯರ ದೊಡ್ಡತನ ಅಂದರೆ ಇದು. ಮಾಡಿದ್ದನ್ನೂ ಶಿಷ್ಯರ ಹೆಸರಿಗೆ ಹಾಕ್ತಾರೆ."

ಮೊದಲಿಗಿಂತ ಜೋರಾಗಿ ಚಪ್ಪಾಳೆ ಬಿತ್ತು. ಬೇಡವೆಂದರೂ ಬಿಡದೆ ಶಾಲು ಹೊದಿಸಿದರು. ಪ್ಯೂನ್ ಆ ಪಟ್ಟಿಯನ್ನು ಎತ್ತಿ ಮಷೀನಿನ ಬುಡದಲ್ಲಿಟ್ಟು, ಅರಿಸಿನ ಕುಂಕುಮ ಹಚ್ಚಿದ.

ಪ್ರಸಾದ ಹಂಚುವಾಗ ಬೃಂದಾ ಪುಸ್ತಕಗಳನ್ನು ಎದೆಗವಚಿಕೊಂಡು ಬಂದಳು.

"ನೀವು ಬರೆದದ್ದು ನನಗೂ ತೋರಿಸಿದ್ರು, ಸರ್. ಗಿಳಿಪಾಠ ಅಂತ ಇತ್ತು. ಅದು ನಿಜ. ಆರು ತಿಂಗಳಲ್ಲಿ ನಾನು ಕಲಿಸೋಕಾಗಿದ್ದು ಅಷ್ಟೇ. ಪಟ್ಟಿ ಮೇಲಿದ್ದದ್ದನ್ನ ಓದೋಕೆ ಬೇಕಾಗಿದ್ದೂ ಅಷ್ಟೇ."

ಗುರುಸಿದ್ದಪ್ಪನವರು ಶಾಲು ತೆಗೆಯಲು ಕೈ ಎತ್ತಿದರು. ಅಷ್ಟರಲ್ಲಿ ಫೋಟೋದವನು ಸ್ವಲ್ಪ ಈಚೆ ಬನ್ನಿ ಎಂದು ಕರೆದ. ಅವರು ಹೋಗಿ ಮಷೀನಿನ ಪಕ್ಕ ನಿಂತರು.