ಬಾನೆಟ್ ಮೇಲಿಟ್ಟ ಕೈ

ಹಳೇ ಗಾಡಿ ಕೊಳ್ಳುವ ಮುನ್ನ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಬೇಕು ಎಂದು ನನಗೆ ಕಲಿಸಿದವನು ನನ್ನ ಸೋದರಮಾವ. ಬಾನೆಟ್ ಬೆಚ್ಚಗಿದ್ದರೆ, ನೀನು ಬರುವ ಮೊದಲೇ ಮಾರುವವನು ಒಂದು ಸುತ್ತು ಓಡಿಸಿ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದರ್ಥ. ತಣ್ಣಗಿರುವ ಎಂಜಿನ್ ಸುಳ್ಳು ಹೇಳುವುದಿಲ್ಲ. ಶಾಲೆ ಬಿಟ್ಟು ಅವನ ಗ್ಯಾರೇಜಿಗೆ ಸೇರಿದ ಹೊಸದರಲ್ಲೇ ಕಲಿತ ಪಾಠ ಅದು. "ಹುಡುಗಿ ಕೈಗೆ ಯಾಕಯ್ಯಾ ಸ್ಪ್ಯಾನರ್ ಕೊಡ್ತೀಯ?" ಎಂದು ಬೀದಿಯವರೆಲ್ಲ ಕಿಸಿಕಿಸಿ ನಕ್ಕಾಗ, "ನಿಮ್ಮ ಗಾಡಿ ಕೆಟ್ಟಾಗ ಇವಳ ಹತ್ರಾನೇ ಬರ್ತೀರ, ನೋಡ್ತಿರಿ" ಎಂದು ಬಾಯಿ ಮುಚ್ಚಿಸಿದವನೂ ಅವನೇ. ಈಗ ನನ್ನದೇ ಗ್ಯಾರೇಜಿದೆ. ನಕ್ಕವರೆಲ್ಲ ಬರುತ್ತಾರೆ.

ಹಾಗಾಗಿ ಮಾವ ತನ್ನ ಕಾರನ್ನು ನನಗೇ ಮಾರುತ್ತೇನೆಂದಾಗ ನಾನು ಹಿಂದೆಮುಂದೆ ನೋಡಲಿಲ್ಲ. ಅಮ್ಮ ಅವನ ಒಡಹುಟ್ಟಿದ ಅಕ್ಕ. ಅವಳ ಕಿಡ್ನಿ ಕೈಕೊಟ್ಟಾಗಿನಿಂದ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಅದೇ ಕಾರಿನಲ್ಲಿ ಕರೆದೊಯ್ಯುತ್ತಿದ್ದವನು ಅವನು.

"ಮಂಡಿ ಹೋಯ್ತು ಕಣೇ, ಅಷ್ಟು ದೂರ ಓಡಿಸೋಕಾಗಲ್ಲ. ಇನ್ಮೇಲೆ ಅಕ್ಕನ್ನ ನೀನೇ ಕರ್ಕೊಂಡು ಹೋಗು" ಎಂದ.

ಬೆಳಿಗ್ಗೆ ಅವನ ಮನೆಗೆ ಹೋದೆ. ಅಭ್ಯಾಸ ಬಿಡುತ್ತದೆಯೇ, ಬಾನೆಟ್ ಮೇಲೆ ಕೈ ಇಟ್ಟೆ. ತಣ್ಣಗಿತ್ತು. ಕೀ ತಿರುಗಿಸಿದೆ, ಒಂದೇ ಏಟಿಗೆ ಸ್ಟಾರ್ಟ್. ಮಾವ ಬಾಗಿಲಲ್ಲಿ ನಿಂತು ನಗುತ್ತಿದ್ದ. "ಕಲಿಸಿದೋನಿಗೇ ಪರೀಕ್ಷೆನಾ?" ನಾಚಿಕೆಯಾಯಿತು. ದುಡ್ಡು ಕೊಟ್ಟು, ಎರಡು ಬೀದಿ ದಾಟಿಸಿ ಮನೆ ಮುಂದೆ ತಂದು ನಿಲ್ಲಿಸಿದೆ.

ಆಸ್ಪತ್ರೆಯಿಂದ ಅಮ್ಮನನ್ನು ಮೊದಲ ಸಲ ಕರೆತರುವಾಗಲೇ ಅದು ತನ್ನ ಬುದ್ಧಿ ತೋರಿಸಿತು. ದಾರಿಯಲ್ಲಿ ಮೆಡಿಕಲ್ ಸ್ಟೋರ್ ಮುಂದೆ ನಿಲ್ಲಿಸಿ, ಮಾತ್ರೆ ತೆಗೆದುಕೊಂಡು ಬಂದು ಕೀ ತಿರುಗಿಸಿದರೆ ಎಂಜಿನ್ ಗಿರಗಿರ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ನಡು ಮಧ್ಯಾಹ್ನ. ಅಮ್ಮ ಹಿಂದಿನ ಸೀಟಿನಲ್ಲಿ ಹಿಂಡಿ ಹಾಕಿದ ಬಟ್ಟೆಯಂತೆ ಬಿದ್ದಿದ್ದಾಳೆ. ಡಯಾಲಿಸಿಸ್ ಮುಗಿದ ಮೇಲೆ ಅವಳನ್ನು ಬೇಗ ಮನೆ ಸೇರಿಸಿ ಮಲಗಿಸಬೇಕೆಂದು ನರ್ಸ್ ಬಾರಿ ಬಾರಿ ಹೇಳಿದ್ದರು. ಬಾನೆಟ್ ಎತ್ತಿ ತಡಕಾಡಿದೆ, ಏನೂ ತಿಳಿಯಲಿಲ್ಲ. ಮೆಕ್ಯಾನಿಕ್ ಅಂತೆ ಮೆಕ್ಯಾನಿಕ್!

ಅಮ್ಮ ಕಣ್ಣು ಬಿಡದೆಯೇ ಹೇಳಿದಳು: "ಗಾಬರಿ ಆಗ್ಬೇಡ. ಸ್ವಲ್ಪ ಹೊತ್ತು ಬಿಡು, ಹೊರಡುತ್ತೆ."

ನನ್ನ ಪೇಚಾಟ ನೋಡಲಾರದೆ ಸಮಾಧಾನ ಹೇಳುತ್ತಿದ್ದಾಳೆ ಎಂದುಕೊಂಡು ಕಣ್ಣು ತುಂಬಿ ಬಂತು. ಸ್ವಲ್ಪ ಹೊತ್ತು ಬಿಟ್ಟು ಕೀ ತಿರುಗಿಸಿದೆ. ಏನೂ ಆಗಿಯೇ ಇಲ್ಲವೆಂಬಂತೆ ಹೊರಟಿತು.

ಮತ್ತೆ ಹಾಗೇ ಆಯಿತು. ಮತ್ತೊಮ್ಮೆ ಪೆಟ್ರೋಲ್ ಬಂಕಿನಲ್ಲಿ, ಹಿಂದಿನ ಗಾಡಿಯವರೆಲ್ಲ ಹಾರ್ನ್ ಒತ್ತುತ್ತಿರುವಾಗ. "ಮಾವನ್ನ ಒಂದು ಮಾತು ಕೇಳ್ತೀನಿ" ಎಂದರೆ ಅಮ್ಮ, "ಅವನಿಗ್ಯಾಕೆ ತಲೆನೋವು ಕೊಡ್ತೀಯ? ನೀನೇನು ಕಡ್ಲೆಪುರಿ ಮಾರ್ತೀಯಾ? ಮೆಕ್ಯಾನಿಕ್ ಅಲ್ವಾ?" ಎಂದಳು. ಮಾತು ಚುಚ್ಚಿತು. ಸರಿ, ನೋಡೇಬಿಡೋಣ ಎಂದು ಗ್ಯಾರೇಜಿಗೆ ಎಳೆದೆ.

ಗ್ಯಾರೇಜಿನಲ್ಲಿ ಅದು ಸಂಭಾವಿತ. ಎಷ್ಟು ಸಲ ಬೇಕಾದರೂ ಸ್ಟಾರ್ಟ್ ಆಗುತ್ತದೆ. ಡಾಕ್ಟರ ಮುಂದೆ ಹಲ್ಲುನೋವು ಮಾಯವಾಗುವ ಹಾಗೆ. ಕೊನೆಗೆ ಒಬ್ಬಳೇ ಆಸ್ಪತ್ರೆಯವರೆಗೂ ಓಡಿಸಿಕೊಂಡು ಹೋಗಿ, ಹಾಗೇ ತಿರುಗಿಸಿ ತಂದು ಗ್ಯಾರೇಜಿನೊಳಗೆ ಆಫ್ ಮಾಡಿ, ಒಂದು ಲೋಟ ಟೀ ಕುಡಿದು ಬಂದು ಕೀ ತಿರುಗಿಸಿದೆ. ಇಲ್ಲ! ಇಷ್ಟು ಖುಷಿಯಿಂದ ಯಾರೂ ಕೆಟ್ಟ ಗಾಡಿಯನ್ನು ನೋಡಿರಲಾರರು.

ಸ್ಟಾರ್ಟರ್ ಜೋರಾಗಿಯೇ ತಿರುಗುತ್ತಿತ್ತು, ಅಂದರೆ ಬ್ಯಾಟರಿಯದ್ದಲ್ಲ. ಪೆಟ್ರೋಲ್ ಪಂಪು ಗುಂಯ್‌ಗುಡುತ್ತಿತ್ತು. ಪ್ಲಗ್ ಬಿಚ್ಚಿ ನೋಡಿದರೆ ಕಿಡಿ ಇಲ್ಲ. ಎಂಜಿನ್ ತಿರುಗುತ್ತಿದ್ದರೂ ಮೀಟರಿನ ಆರ್‌ಪಿಎಂ ಮುಳ್ಳು ಸೊನ್ನೆ ಬಿಟ್ಟು ಏಳಲಿಲ್ಲ. ಎಂಜಿನ್ ತಿರುಗುತ್ತಿದೆ ಎಂಬ ಸುದ್ದಿಯೇ ಕಾರಿನ ಕಂಪ್ಯೂಟರಿಗೆ ಮುಟ್ಟುತ್ತಿಲ್ಲ. ಆ ಸುದ್ದಿ ಮುಟ್ಟಿಸುವುದು ಎಂಜಿನ್ ಬೆನ್ನಿಗೆ, ಕೆಳಗೆ ಮೂಲೆಯಲ್ಲಿ ಕೂತಿರುವ ಹೆಬ್ಬೆರಳಿನಷ್ಟು ಸೆನ್ಸರ್. ಮರುದಿನ ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿ, ಮನೆಯಿಂದ ತಂದ ಹೇರ್ ಡ್ರೈಯರ್‌ನಿಂದ ಆ ಸೆನ್ಸರಿಗೆ ಮಾತ್ರ ಬಿಸಿಗಾಳಿ ಹಿಡಿದೆ. ಎಂಜಿನ್ ಗಪ್ ಎಂದು ನಿಂತಿತು. ಸೆನ್ಸರ್ ಬಿಸಿಯಾದರೆ ಕೈಕೊಡುತ್ತದೆ, ತಣಿದರೆ ಸರಿಹೋಗುತ್ತದೆ. "ಸಿಕ್ಕಿಬಿದ್ಯಾ ಮಗನೇ!" ಎಂದು ಕೂಗಿಯೇಬಿಟ್ಟೆ.

ಖುಷಿ ಟಾರ್ಚ್ ಹಾಕುವವರೆಗೆ ಮಾತ್ರ.

ಸೆನ್ಸರ್ ಮೇಲೆ ಬಿಳಿಯ ಹೊಪ್ಪಳೆ ಕಟ್ಟಿತ್ತು, ನೀರು ಕಾಯಿಸಿ ಕಾಯಿಸಿ ಪಾತ್ರೆಯ ತಳದಲ್ಲಿ ಕಟ್ಟುವಂಥದ್ದು. ಸುತ್ತ ಎಲ್ಲೂ ಇಲ್ಲ, ಅಲ್ಲಿ ಮಾತ್ರ. ಯಾರೋ ಬಿಸಿ ಸೆನ್ಸರ್ ಮೇಲೆ ತಿಂಗಳುಗಟ್ಟಲೆ ನೀರು ಹಾಕಿ ತಣಿಸಿದ್ದಾರೆ. ಅದರ ಬೋಲ್ಟಿನ ತಲೆಯೂ ಸವೆದು ದುಂಡಗಾಗಿತ್ತು. ಬಿಚ್ಚಲು ಹೋಗಿ ಸ್ಪ್ಯಾನರ್ ಜಾರಿದ ಗುರುತು.

ಡಿಕ್ಕಿಯಲ್ಲಿ ಮಾವ ಬಿಟ್ಟಿದ್ದ ಒಂದು ಬಾಟಲಿ ಇತ್ತು. ಮುಚ್ಚಳಕ್ಕೆ ಉದ್ದನೆಯ, ಬಾಗಿಸಿದ ತಾಮ್ರದ ನಳಿಕೆ ಬೆಸೆದಿದ್ದ. "ರೇಡಿಯೇಟರ್‌ಗೆ ನೀರು ಹಾಕೋಕೆ ಇರ್ಲಿ" ಎಂದಿದ್ದ. ರೇಡಿಯೇಟರಿಗೆ ನಳಿಕೆ ಯಾಕೆ? ತಂದು ಎಂಜಿನ್ ಹಿಂದೆ ಇಳಿಸಿದೆ. ನಳಿಕೆಯ ತುದಿ ನೆಟ್ಟಗೆ ಹೋಗಿ ಸೆನ್ಸರ್ ಮೇಲೆ ಕೂತಿತು.

ಬೋಲ್ಟ್ ಕಾಯಿಸಿ, ಬಡಿದು ಬಿಚ್ಚಿ, ಹೊಸ ಸೆನ್ಸರ್ ಹಾಕಿ, ಬಾಟಲಿ ಹಿಡಿದು ಮಾವನ ಮನೆಗೆ ಹೋದೆ.

ಬಾಟಲಿ ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು. "ಬಿಚ್ಚಿದ್ಯಾ?" ಎಂದ.

"ನಿನ್ನ ಕೈಲಾಗದಿದ್ರೆ ಕರೀಬಹುದಿತ್ತಲ್ಲ ಮಾವ? ಓಡಿ ಬರ್ತಿರಲಿಲ್ವಾ ನಾನು?"

"ನಿನ್ನನ್ನ? ಒಂದು ಬೋಲ್ಟ್ ಬಿಚ್ಚೋಕೆ?" ಅವನು ಮಂಡಿ ಉಜ್ಜಿಕೊಂಡ. "ಹೇಗೂ ನೀನು ಸರಿ ಮಾಡ್ಕೋತೀಯ ಅಂತ ಗೊತ್ತಿತ್ತು."

"ಬೇರೆ ಯಾರಿಗಾದ್ರೂ ಮಾರ್ಬೇಕಿತ್ತು."

"ಬೇರೆಯವರು ದೂರ ಓಡಿಸಿ ನೋಡ್ತಿದ್ರು. ನೀನು ಕೈ ಇಟ್ಟು ನೋಡ್ತೀಯ, ಅಷ್ಟೇ."

ಬೈಯಬೇಕೆಂದು ಹೋಗಿದ್ದೆ. ಬಾಟಲಿ ಎತ್ತಿಕೊಂಡು ಹೊರಟುಬಂದೆ. ಅವನು ಕಲಿಸಿದ್ದನ್ನು ನಾನು ಒಂದಿಷ್ಟೂ ತಪ್ಪದೆ ಮಾಡುತ್ತೇನೆ ಎಂಬ ನಂಬಿಕೆಯಿಂದಲೇ ಅವನು ನನಗೆ ಟೋಪಿ ಹಾಕಿದ್ದ.

ಅಮ್ಮನಿಗೆ ಹೇಗೆ ಹೇಳುವುದು ಎಂಬುದೇ ದಾರಿಯುದ್ದಕ್ಕೂ ಚಿಂತೆ. ತಮ್ಮನೆಂದರೆ ಪ್ರಾಣ ಅವಳಿಗೆ, ಈ ಸ್ಥಿತಿಯಲ್ಲಿ ಎದೆ ಒಡೆದುಕೊಂಡರೆ? ಮಂಚದ ಅಂಚಿಗೆ ಕೂತು, ಅವಳ ಕೈ ಹಿಡಿದು, ಮೆಲ್ಲಗೆ ಎಲ್ಲ ಹೇಳಿದೆ.

ಅವಳು ನನ್ನ ಇನ್ನೊಂದು ಕೈಯಲ್ಲಿದ್ದ ಬಾಟಲಿ ನೋಡಿದಳು.

"ಅವನ ಮೇಲೆ ಕೂಗಾಡಿ ಬಂದ್ಯಾ? ಪಾಪ, ಮಂಡಿ ನೋವಲ್ಲಿ ಅವನೆಲ್ಲಿ ಓಡಾಡ್ತಾನೆ ಅಂತ, ಆಸ್ಪತ್ರೆ ನಲ್ಲೀಲಿ ಅದಕ್ಕೆ ನೀರು ತುಂಬ್ಕೊಂಡು ಬರ್ತಿದ್ದೋಳು ನಾನೇ."

"ನಿನಗೆ ಗೊತ್ತಿತ್ತಾ?"

"ನಿನಗೆ ಹೇಳ್ಬೇಡ ಅಂದಿದ್ದ. ಕಲಿಸಿದ ಹುಡುಗಿ ಮುಂದೆ ಸೋಲೋದು ಕಷ್ಟ ಅಲ್ವಾ? ಅದಕ್ಕೇ ಸುಮ್ನಿದ್ದೆ" ಎಂದು ಅಮ್ಮ ಹೊದಿಕೆ ಎಳೆದುಕೊಂಡಳು.

ಅವಳ ಕೈ ಬಿಟ್ಟೆ. ಗಾಡಿ ಕೆಟ್ಟು ನಿಂತಾಗಲೆಲ್ಲ ಈ ಬಾಟಲಿ ಅವಳ ಸೀಟಿನ ಬೆನ್ನಿಗೇ ಇತ್ತು. ಅವಳಿಗೇನಾದರೂ ಆಗಿಬಿಟ್ಟರೆ ಎಂದು ನಾನು ಅಳುತ್ತ ಬಾನೆಟ್ಟಿನೊಳಗೆ ತಲೆ ತೂರಿಸಿದ್ದೆ. ಒಂದು ಮಾತು ಸಾಕಿತ್ತು. ಅವಳು ಬಿಸಿಲಿನಲ್ಲಿ ಕಣ್ಣು ಮುಚ್ಚಿ ಕೂತು ತಮ್ಮನ ಮಾನ ಕಾಯುತ್ತಿದ್ದಳು.