ಇನ್ನೂ ಆರು ತಿಂಗಳಾಗಿಲ್ಲ

2016ರ ನವೆಂಬರ್ 12, ಶನಿವಾರ, ಸಂಜೆ 4 ಗಂಟೆ 50 ನಿಮಿಷ. ಅಮೆರಿಕದ ಶೋರ್‌ಲೈನ್‌ನಲ್ಲಿ ರುಕ್ಮಿಣಿಯ ಮನೆಯಲ್ಲಿ ಸತ್ಯನಾರಾಯಣ ಪೂಜೆಯ ನಾಲ್ಕನೆಯ ಅಧ್ಯಾಯ ಮುಗಿದಿತ್ತು. ಹೊರಗೆ ಮಬ್ಬುಗತ್ತಲೆ, ಜಿಟಿಜಿಟಿ ಮಳೆ. ಯಾಮಿನಿ ಕಾರಿನ ಕೀ ಹಿಡಿದು ಬಾಗಿಲ ಬಳಿ ಶೂ ಹಾಕಿಕೊಳ್ಳುತ್ತಿದ್ದಳು. ಐದೂವರೆಗೆ ಯೂನಿವರ್ಸಿಟಿ ಡಿಸ್ಟ್ರಿಕ್ಟ್‌ನ ಲೈಬ್ರರಿಯಲ್ಲಿ ಅವಳ ಪ್ರಾಜೆಕ್ಟಿನ ಗೆಳತಿಯರು ಕಾಯುತ್ತಿದ್ದರು. ಅವಳಿಗೆ ಹದಿನಾರು, ಲೈಸೆನ್ಸ್ ಬಂದು ಎರಡು ತಿಂಗಳು.

"ನಿಲ್ಲು ಪುಟ್ಟಿ," ಗಂಡನ ಪಕ್ಕ ಪೂಜೆಗೆ ಕೂತಿದ್ದ ರುಕ್ಮಿಣಿ ಅಲ್ಲಿಂದಲೇ ಕೂಗಿದಳು. "ಅಖಿಲನಿಗೂ ಅಲ್ಲೇ ಚೆಸ್ ಕ್ಲಾಸು. ಕರ್ಕೊಂಡು ಹೋಗು. ನಾವಿಬ್ರೂ ಏಳೋ ಹಾಗಿಲ್ಲ."

"ಸಾರಿ ಆಂಟಿ, ನಾಟ್ ಅಲೌಡ್."

ಅಲ್ಲಿನ ಕಾನೂನಿನಂತೆ, ಲೈಸೆನ್ಸ್ ಬಂದ ಮೊದಲ ಆರು ತಿಂಗಳು ಸ್ವಂತ ಮನೆಯವರನ್ನು ಬಿಟ್ಟು ಇಪ್ಪತ್ತು ವರ್ಷದೊಳಗಿನ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ. ರುಕ್ಮಿಣಿಯ ಮಗ ಅಖಿಲನಿಗೆ ಹದಿಮೂರು.

ರುಕ್ಮಿಣಿ ಯಾಮಿನಿಯ ಅಪ್ಪನ ಕಡೆ ತಿರುಗಿದಳು. "ಏನೋ ಚಕ್ರಪಾಣಿ, ನಿನ್ನ ಮಗಳು ನಂಗೆ ಕಾನೂನು ಹೇಳ್ತಾಳೆ! ನೀವು ಸೂಟ್‌ಕೇಸ್ ಹಿಡ್ಕೊಂಡು ಬಂದಿಳಿದಾಗ ನಾನು ಯಾವ ರೂಲ್ ನೋಡಿದ್ದೆ?"

"ಮಂಗಳಾರತಿ ಆಗೋದ್ರೊಳಗೆ ಲಾಯರ್ ಆಗ್ಬಿಡ್ತಾಳೆ," ಎಂದ ಚಕ್ರಪಾಣಿಯ ಪಕ್ಕದಲ್ಲಿ ಕೂತಿದ್ದ ಗೆಳೆಯ ನಾಣಿ. ಎಲ್ಲರೂ ನಕ್ಕರು.

ಚಕ್ರಪಾಣಿ ಹತ್ತಿರದ ರೆಂಟನ್ ಊರಿನಲ್ಲಿ ವಿಮಾನದ ಬಿಡಿಭಾಗಗಳ ಬಿರುಕು ಪರೀಕ್ಷಿಸುವ ಎಂಜಿನಿಯರ್. ಮಗಳಿಗೆ ಈ ನಿಯಮವನ್ನು ಕಲಿಸಿದವನು ಅವನೇ. ಪಕ್ಕದಲ್ಲಿ ಹುಡುಗರಿದ್ದರೆ ಹೊಸ ಚಾಲಕರ ಗಮನ ಎಷ್ಟು ಬೇಗ ತಪ್ಪುತ್ತದೆಂದು ವಿವರಿಸಿ, "ಸ್ಟಿಯರಿಂಗ್ ಹಿಡಿದ ಮೇಲೆ ಯಾರ ದಾಕ್ಷಿಣ್ಯಕ್ಕೂ ಬೀಳಬೇಡ, ನನ್ನದಕ್ಕೂ," ಎಂದಿದ್ದ. ಆದರೆ ಅಮೆರಿಕಕ್ಕೆ ಬಂದ ಹೊಸದರಲ್ಲಿ ಅವನ ಸಂಸಾರ ಮೂರು ವಾರ ಇದ್ದದ್ದು ಇದೇ ಮನೆಯ ಬೇಸ್‌ಮೆಂಟಿನಲ್ಲಿ, ರುಕ್ಮಿಣಿಯ ಕೈಯಡುಗೆ ಉಂಡು.

"ಅಖಿಲ್ ನಿನ್ನ ತಮ್ಮ ಇದ್ದ ಹಾಗೇ ಅಲ್ವೇನೆ?" ಎಂದ. "ಎಂಟೇ ಮೈಲಿ. ನಿಧಾನಕ್ಕೆ ಹೋಗು."

ಯಾಮಿನಿ ಅವನನ್ನೇ ಒಂದು ಕ್ಷಣ ನೋಡಿ ಹೊರಟಳು. ಅಖಿಲ್ ಚೆಸ್ ಚೀಲ ಹಿಡಿದು ಹಿಂದೆಯೇ ಓಡಿದ.

ಚಕ್ರಪಾಣಿ ಕಿಟಕಿಯ ಬಳಿ ನಿಂತ. ಹೋದ ಬೇಸಿಗೆಯಲ್ಲಿ ಹೊಸ ಕಾಂಕ್ರೀಟ್ ಹಾಕಿಸುವಾಗ ಅವನೇ ಟೇಪು ಹಿಡಿದು ಅಳೆದುಕೊಟ್ಟಿದ್ದ ಡ್ರೈವ್‌ವೇ, ಗ್ಯಾರೇಜಿನಿಂದ ರಸ್ತೆಗೆ ಸೇರುವ ಹಾದಿ, ಎದುರಿಗಿತ್ತು. ಗ್ಯಾರೇಜಿನ ಮುಂದಿದ್ದ ಕಾರು ಮೆಲ್ಲಗೆ ಹಿಂದೆ ಸರಿದು, ರಸ್ತೆಯಂಚಿನ ಅಂಚೆ ಡಬ್ಬದ ಬಳಿ ನಿಂತಿತು. ರಸ್ತೆ ಖಾಲಿಯಿತ್ತು. ಕಾರು ಮಾತ್ರ ಮುಂದೆ ಹೋಗಲಿಲ್ಲ.

ಅವನು ಬರೀ ಸಾಕ್ಸಿನಲ್ಲೇ ಮಳೆಗೆ ಇಳಿದ. ಯಾಮಿನಿ ಗಾಜು ಇಳಿಸಿದಳು. ಅವಳ ಎರಡೂ ಕೈ ಸ್ಟಿಯರಿಂಗ್ ಮೇಲೆ ಬಿಗಿದಿದ್ದವು.

"ಸೇ ಇಟ್ ಅಗೇನ್, ಅಪ್ಪ," ಎಂದಳು. ಆಮೇಲೆ, ಅವಳು ಅಪರೂಪಕ್ಕೆ ಆಡುವ ಕನ್ನಡದಲ್ಲಿ: "ಆಂಟಿಗೆ ಕೇಳ್ಸೋಕಲ್ಲ. ನಂಗೆ ಹೇಳು. ಹೋಗ್ಲಾ?"

"ವಿ ಆರ್ ಲೇಟ್," ಎಂದ ಹಿಂದಿನ ಸೀಟಿನಿಂದ ಅಖಿಲ್.

ಹೋಗು ಅನ್ನುವುದು ಎರಡಕ್ಷರದ ಮಾತು. ಚಕ್ರಪಾಣಿಯ ಬಾಯಿಂದ ಅದು ಬರಲಿಲ್ಲ. ವೈಪರ್ ಗಾಜನ್ನು ಒರೆಸುತ್ತಲೇ ಇತ್ತು.

"ಇಳಿ ಮರಿ," ಎಂದ ಅಖಿಲನಿಗೆ. "ನನ್ನ ಕಾರಲ್ಲಿ ಹೋಗೋಣ."

ಯಾಮಿನಿ ಗಾಜು ಏರಿಸಿದಳು. ಇಂಡಿಕೇಟರ್ ಹಾಕಿ ಒಬ್ಬಳೇ ಹೊರಟುಹೋದಳು.

ಶೂ ಹಾಕಿಕೊಳ್ಳಲು ಒಳಗೆ ಬಂದವನನ್ನು ರುಕ್ಮಿಣಿ ನೋಡಿದಳು. "ಪ್ರಸಾದ ಬಿಟ್ಟು ಹೋದವರ ಕಥೆ ಈಗ ತಾನೇ ಕೇಳ್ದೆಯಲ್ಲೋ."

"ಬಂದು ತಗೋತೀನಿ ಅಕ್ಕ."

"ಬರೋವಷ್ಟರಲ್ಲಿ ಎಲ್ಲ ಮುಗಿದಿರುತ್ತೆ." ಈ ಸಲ ಯಾರೂ ನಗಲಿಲ್ಲ. ಅವಳು ಪುರೋಹಿತರ ಕಡೆ ತಿರುಗಿ, "ನೀವು ಓದಿ," ಎಂದಳು.

ದಾರಿಯಲ್ಲಿ ಮೊದಲ ಸಿಗ್ನಲ್‌ನಲ್ಲಿ ನಿಂತಿದ್ದ ಮಗಳ ಕಾರಿನ ಕೆಂಪು ದೀಪ ಎರಡನೆಯ ಸಿಗ್ನಲ್‌ವರೆಗೆ ಕಾಣುತ್ತಿತ್ತು. ಆಮೇಲೆ ಬೇರೆ ದೀಪಗಳಲ್ಲಿ ಕಳೆದುಹೋಯಿತು. ಕೊನೆಗೆ ತಡೆದವನು ತಾನೇ ಎಂದುಕೊಂಡರೂ ಚಕ್ರಪಾಣಿಗೆ ಸಮಾಧಾನವಾಗಲಿಲ್ಲ. ಕಾರು ನಿಲ್ಲಿಸಿದವಳು ಅವಳು. ಅಪ್ಪನ ದಾಕ್ಷಿಣ್ಯಕ್ಕೆ ಬಿದ್ದು ಅವಳು ಅಷ್ಟು ದೂರ ಹೋಗಿದ್ದಳು. ಆ ಅಳತೆ ಅವನಿಗೆ ಗೊತ್ತಿತ್ತು: ಗ್ಯಾರೇಜಿನಿಂದ ಅಂಚೆ ಡಬ್ಬದವರೆಗೆ ಮೂವತ್ತೊಂದು ಅಡಿ.