ರಟ್ಟಿನ ಲಾರಿಗೊಂದು ರಸೀದಿ

ನಮ್ಮ ಮನೆಯವರು ಓಡಿಸುವ ಲಾರಿ ಕಂಪನಿಯದು. ಆದರೂ ವಾರಕ್ಕೆ ಮೂರು ದಿನ ಅದು ನಮ್ಮ ಮನೆಯ ಹಿಂದಿನ ಬಯಲಿನಲ್ಲಿ ನಿಲ್ಲುತ್ತದೆ. ಅದಕ್ಕೆ ಕಚೇರಿಯ ಒಪ್ಪಿಗೆ ಪತ್ರವಿದೆ. ಕೆಲಸ ಮುಗಿದ ಮೇಲೆ ಖಾಲಿ ಲಾರಿಯನ್ನು ಮನೆಗೆ ತರಬಹುದು, ಮನೆಯವರನ್ನು ಕೂರಿಸಿಕೊಂಡು ಹತ್ತಿರದಲ್ಲಿ ಎಲ್ಲಿಗಾದರೂ ಹೋಗಿ ಬರಬಹುದು. ಹೊರಡುವ ಮೊದಲು ಸ್ಟಿಯರಿಂಗ್ ಪಕ್ಕದ, ಓಡಾಟ ದಾಖಲಿಸುವ ಡಬ್ಬಿಯಲ್ಲಿ ‘ಸ್ವಂತಕ್ಕೆ’ ಎಂಬ ಗುಂಡಿ ಒತ್ತಬೇಕು. ಸ್ವಂತ ಸಾಮಾನಿಗೆ ಅಡ್ಡಿಯಿಲ್ಲ, ಸರಕನ್ನು ಮಾತ್ರ ಕಡ್ಡಿಯಷ್ಟೂ ಹೇರುವಂತಿಲ್ಲ. ಹೇರಿದರೆ ಪತ್ರ ವಾಪಸ್.

ಪತ್ರ ಹೋದರೆ ಲಾರಿ ನಿಲ್ಲುವುದು ಊರಾಚೆಯ ಡಿಪೋದಲ್ಲಿ. ಅಲ್ಲಿಂದ ಎರಡು ಬಸ್ಸು ಹಿಡಿದು ಅವರು ಮನೆ ಮುಟ್ಟುವಷ್ಟರಲ್ಲಿ ಮತ್ತೆ ಹೊರಡುವ ಹೊತ್ತಾಗಿರುತ್ತದೆ. ಮಗಳಿಗೆ ಅಪ್ಪ ಸಿಗುವುದು ಭಾನುವಾರ ಮಾತ್ರ. ಹಾಗಾಗಿ ಆ ಪತ್ರವನ್ನು ಬೀರುವಿನಲ್ಲಿ ಅವಳ ಜನನ ಪತ್ರದ ಜೊತೆಗೇ ಇಟ್ಟಿದ್ದೇನೆ.

ಮೂರನೇ ತರಗತಿಯ ಈ ಮಗಳು ಶಾಲೆಯ ವಸ್ತುಪ್ರದರ್ಶನಕ್ಕೆಂದು ಅಪ್ಪನ ಲಾರಿಯನ್ನೇ ರಟ್ಟಿನಲ್ಲಿ ಮಾಡಿದಳು. ಒಂದು ತಿಂಗಳು ನನ್ನ ಅಡುಗೆಮನೆಯಲ್ಲಿ ಡಬ್ಬಿಗಳಿದ್ದವು, ಮುಚ್ಚಳಗಳಿರಲಿಲ್ಲ, ಎಲ್ಲವೂ ಚಕ್ರಗಳಾಗಿದ್ದವು. ನನ್ನ ಪೌಡರ್ ಡಬ್ಬಿಯ ಕನ್ನಡಿ ಲಾರಿಯ ಎಡಗಡೆಯ ಕನ್ನಡಿಯಾಯಿತು. ಮುಗಿದಾಗ ಅದು ನಮ್ಮ ಮಂಚದಷ್ಟು ಉದ್ದವಿತ್ತು.

ಪ್ರದರ್ಶನದ ಬೆಳಿಗ್ಗೆ ಆಟೋದವನು ಬಂದು ಅದನ್ನು ಸುತ್ತ ನೋಡಿದ. “ಅಮ್ಮಾ, ಇದರೊಳಗೆ ನನ್ನ ಆಟೋನೇ ಹಿಡಿಸುತ್ತೆ,” ಎಂದು ಹೊರಟೇಹೋದ.

ಮಗಳು ಅಪ್ಪನತ್ತ ತಿರುಗಿದಳು. “ನಿನ್ನ ಲಾರೀಲಿ ಹೋಗೋಣಪ್ಪಾ.”

“ಸರಕು ಹಾಕೋ ಹಾಗಿಲ್ಲ ಪುಟ್ಟೀ.”

“ಇದು ಸರಕಲ್ಲ. ಲಾರಿ.”

ಅವರು ನನ್ನನ್ನು ನೋಡಿದರು. ನಾನು ಬೀರು ತೆಗೆದು ಪತ್ರ ಕೊಟ್ಟೆ. ಕಚೇರಿ ತೆರೆಯಲು ಇನ್ನೂ ಎರಡು ಗಂಟೆಯಿತ್ತು, ಕೇಳೋಣವೆಂದರೆ ಯಾರೂ ಇರಲಿಲ್ಲ. ಅವರು ಮೂರು ಸಲ ಓದಿದರು.

“ಸ್ವಂತ ಸಾಮಾನು ಅಂತಲೇ ಆಯ್ತು. ಆದ್ರೆ ಇವಳಿಗೆ ಬಹುಮಾನ ಬಂದ್ರೆ? ಅದು ಬಾಡಿಗೆ ಅಂತ ಆಗಲ್ವಾ?”

“ರೀ, ಮೊದಲು ಬಹುಮಾನ ಬರಲಿ,” ಎಂದೆ. “ದೋಸೆ ಹೊಯ್ಯೋ ಮುಂಚೆ ತೂತು ಎಣಿಸ್ತಾ ಕೂತಿದ್ದೀರಲ್ಲ!”

ಗುಂಡಿ ಒತ್ತಿದರು. ರಟ್ಟಿನ ಲಾರಿಗೆ ನಾಲ್ಕು ಹಗ್ಗ ಬಿಗಿದು, ಗಾಜಿನ ಸಾಮಾನು ಒಯ್ಯುವವರಂತೆ ನಿಧಾನವಾಗಿ ಓಡಿಸಿದರು. ಹಿಂದೆ ಬಂದ ಸೈಕಲ್ಲುಗಳೂ ನಮ್ಮನ್ನು ದಾಟಿ ಹೋದವು.

ಶಾಲೆಯ ಗೇಟಿನಲ್ಲಿ ಕಾವಲು ತಾತ ಇದ್ದ. ನಾನು ಮಗಳ ಜಡೆ ಸರಿಮಾಡುತ್ತಿದ್ದೆ. ಇವರು ಕೆಳಗಿಳಿದು, ಕಿಸೆಯಿಂದ ಕಂಪನಿಯ ರಸೀದಿ ಪುಸ್ತಕ ತೆಗೆದು ಬರೆದರು. “ಇಲ್ಲೊಂದು ಸಹಿ ಹಾಕಿ ತಾತಾ, ಆಮೇಲೆ ಇಳಿಸೋಣ.”

ಹನ್ನೊಂದು ವರ್ಷ ಲಾರಿ ಓಡಿಸಿದ ಕೈ ಅದು. ಸಹಿಯಾಗದೆ ಒಂದು ಪೆಟ್ಟಿಗೆಯನ್ನೂ ಇಳಿಸಿದ್ದಿಲ್ಲ. ನಾನು ನೋಡಿದೆ, ನನಗೂ ಏನೂ ಅನ್ನಿಸಲಿಲ್ಲ. ಗುಲಾಬಿ ಹಾಳೆ ತಾತನಿಗೆ, ಹಳದಿ ಇವರಿಗೆ. ಬಿಳಿ ಹಾಳೆಯನ್ನು ಮಧ್ಯಾಹ್ನ ಬೇರೆ ರಸೀದಿಗಳ ಜೊತೆ ಕಚೇರಿಯ ಪೆಟ್ಟಿಗೆಗೆ ಹಾಕಿದರು.

ಮಗಳಿಗೆ ಎರಡನೇ ಬಹುಮಾನ ಬಂತು, ಒಂದು ಪೆಟ್ಟಿಗೆ ಬಣ್ಣದ ಬಳಪ. ಸಂಜೆ ಫೋನೂ ಬಂತು. ಕಚೇರಿಯ ಮೇಡಂ: “‘ಸ್ವಂತಕ್ಕೆ’ ಗುಂಡಿ ಒತ್ತಿ ಸರಕು ಸಾಗಿಸಿದ್ದೀರಿ. ನಾಳೆ ಒಪ್ಪಿಗೆ ಪತ್ರ ತಗೊಂಡು ಬನ್ನಿ.”

ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ನಾನೇ ಬರೆದು, ನಾನೇ ಕೊಟ್ಟು ಬಂದೆನಲ್ಲೇ!”

“ಮೊದಲು ಊಟ ಮಾಡಿ. ನಾಳೆ ಮೂವರೂ ಹೋಗೋಣ,” ಎಂದೆ. ಮಗಳು ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಮರುದಿನ ಮೇಡಂ ಕನ್ನಡಕವನ್ನು ಹಣೆಗೇರಿಸಿ ಬಿಳಿ ಹಾಳೆ ಓದಿದರು. “ಸರಕು: ಲಾರಿ, ಒಂದು. ಕಳಿಸಿದವರು: ನನ್ನ ಮಗಳು. ತೂಕ: ಇಬ್ಬರು ಎತ್ತುವಷ್ಟು. ಸ್ಥಿತಿ: ಚೆನ್ನಾಗಿದೆ, ಎಡಗನ್ನಡಿ ಸ್ವಲ್ಪ ಸಡಿಲ. ಏನ್ರೀ ಇದು? ಲಾರಿ ಮೇಲೆ ಲಾರಿ ಹೇರಿದ್ದೀರಾ?”

“ರಟ್ಟಿನದ್ದು ಮೇಡಂ. ಶಾಲೆಗೆ ಮಾಡಿದ್ದು.”

“ಹಾಗಿದ್ರೆ ಸ್ವಂತ ಸಾಮಾನು. ರಸೀದಿ ಯಾಕೆ ಹರಿದ್ರಿ?”

“ಸಹಿ ಇಲ್ದೆ ಇಳಿಸಿ ಅಭ್ಯಾಸ ಇಲ್ಲ ಮೇಡಂ.”

“ಮನೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೂ ಹೆಂಡತಿ ಹತ್ರ ಸಹಿ ಹಾಕಿಸ್ಕೋತೀರಾ? ರಸೀದಿ ಹರಿದ್ರೆ ಅದು ಸರಕು. ಸರಕಂದ್ರೆ ಬಾಡಿಗೆ. ಬಾಡಿಗೆ ಎಷ್ಟು ಬಂತು?”

ಇವರು ಬಾಯಿ ತೆರೆಯುವ ಮೊದಲೇ ಮಗಳು ಚೀಲದಿಂದ ಬಳಪದ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟಳು.

“ಬಂದಿದ್ದು ಇಷ್ಟೇ ಆಂಟಿ. ನೀವೇ ಇಟ್ಕೊಳ್ಳಿ, ಅಪ್ಪನ ಪತ್ರ ಮಾತ್ರ ತಗೋಬೇಡಿ. ಹಸಿರು ಸ್ವಲ್ಪ ಸವೆದಿದೆ.”

“ಇದು ಬಾಡಿಗೆ ಅಂತ ಯಾರು ಹೇಳಿದ್ದು?”

“ಅಪ್ಪಂಗೆ ಅನುಮಾನ ಇತ್ತು.”

ಪಕ್ಕದ ಮೇಜಿನವರು ಚಹಾ ಕುಡಿಯುತ್ತಿದ್ದರು, ಪಾಪ, ಅದು ನೆತ್ತಿಗೇರಿತು. ಮೇಡಂ ತುಟಿ ಬಿಗಿಹಿಡಿದೇ ಇವರನ್ನು ನೋಡಿದರು. “ನನಗಿಂತ ದೊಡ್ಡ ನಿಯಮದವರು ಕಣ್ರೀ ನೀವು.”

ಬಿಳಿ ಹಾಳೆಯಲ್ಲಿ ‘ಸರಕು’ ಎಂಬುದನ್ನು ಹೊಡೆದು ಹಾಕಿ, ಮೇಲೆ ‘ಚಾಲಕನ ಮಗಳ ಸಾಮಾನು’ ಎಂದು ಬರೆದು, ಪತ್ರವನ್ನು ಬಳಪದ ಪೆಟ್ಟಿಗೆಯ ಮೇಲಿಟ್ಟು ಎರಡನ್ನೂ ಮಗಳ ಕಡೆಗೆ ತಳ್ಳಿದರು. “ಇನ್ನೊಂದ್ಸಲ ಸ್ವಂತದ್ದಕ್ಕೆ ರಸೀದಿ ಹರಿದ್ರೆ ನೋಡಿ!”

“ಇಲ್ಲ ಮೇಡಂ, ಖಂಡಿತ ಇಲ್ಲ.”

ಸೋಮವಾರ ರಟ್ಟಿನ ಲಾರಿಯನ್ನು ವಾಪಸು ತರಲು ಹೋದೆವು. ಗುಂಡಿ ಒತ್ತಿದ್ದಾಯಿತು, ಹಗ್ಗ ಕಟ್ಟಿದ್ದಾಯಿತು. ಗೇಟಿಗೆ ಅಡ್ಡ ನಿಂತ ಕಾವಲು ತಾತ, ನಾಲ್ಕು ಮಡಿಕೆಯ ಗುಲಾಬಿ ಹಾಳೆಯನ್ನು ಬಿಡಿಸಿ ಹಿಡಿದ.

“ನನ್ನ ಸಹಿ ಮೇಲೆ ಒಳಗೆ ಬಂದಿರೋ ಮಾಲು. ಸುಮ್ಮನೆ ಹೆಂಗಪ್ಪಾ ಬಿಡೋದು? ತಗೊಂಡೆ ಅಂತ ಒಂದು ಸಹಿ ಹಾಕು.”

ಇವರು ಬೆಂಕಿ ಕಂಡವರಂತೆ ಎರಡು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ನನ್ನ ಕೈಯಲ್ಲಿ ಊಟದ ಡಬ್ಬಿಯಿತ್ತು.

ಮಗಳೇ ಮುಂದೆ ಬಂದಳು. ಹಾಳೆಯನ್ನು ಅಪ್ಪನ ಲಾರಿಯ ಚಕ್ರಕ್ಕೆ ಒತ್ತಿಹಿಡಿದು, ಸವೆದ ಹಸಿರು ಬಳಪದಲ್ಲಿ, ನಾಲಿಗೆ ಹೊರಚಾಚಿ, ದುಂಡಗೆ ತನ್ನ ಹೆಸರು ಬರೆದಳು.